ಶಕ್ತಿ ಎಷ್ಟು, ಸುಖ ಎಷ್ಟು?



ಬೆಂಗಳೂರಿನ ಪಡುವಣ ದಿಕ್ಕಿನ ನಾಗರಬಾವಿ ಈಗ ನಗರದೊಳಗೆ ಸೇರಿಹೋಗಿದೆ. ಆದರೂ ಹೆಸರಿನಲ್ಲಿ ಬಾವಿ ಉಳಿದುಕೊಂಡಿದೆ. ಹಿಂದೆ ಈ ಸೀಮೆಯಲ್ಲಿ ಬಾವಿಯ ನೀರು ಮೇಲೆ ಬರಬೇಕಾದರೆ ಹೊಲಕ್ಕೆ ಕಪಿಲೆ ಎತ್ತುಗಳ ಹೆಗಲು ಬೇಕು, ಮನೆಗೆ ಹೆಣ್ಣುಮಕ್ಕಳ ತೋಳು ಬೇಕು. ಸೌದೆ ಹೊರುವವರೂ ಅವರೇ, ಒಲೆಯ ಹೊಗೆ ಕುಡಿಯುವವರೂ ಅವರೇ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿ ಹಳ್ಳಿಗಳ ಪಕ್ಕದಲ್ಲೇ ಹಾದುಹೋಯಿತು. ಎಷ್ಟೋ ಮನೆಗಳಲ್ಲಿ ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿ. ನಾಡಿನಲ್ಲಿ ಶಕ್ತಿ ಹೆಚ್ಚಿದ ಮಾತ್ರಕ್ಕೆ ಎಲ್ಲರ ಬಾಳು ಹಗುರಾಗೋದಿಲ್ಲ. ಅದು ಯಾರ ಮನೆಗೆ, ಯಾವ ಕೆಲಸಕ್ಕೆ ಬಂತು ಅನ್ನೋದನ್ನೂ ನೋಡಬೇಕು.

ಇದನ್ನು ನೋಡಲು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರು ಮತ್ತು ಅವರ ಜೊತೆಗಾರರು. 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಅಲ್ಲಿ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚು ಎಂದು ಲೆಕ್ಕ ಹಾಕಿದರು. ದೊಡ್ಡ ಪಾಲು ಅಡಿಗೆಯ ಸೌದೆಯದೇ. ಆ ದುಡಿಮೆಗೆ ಕೂಲಿಯೂ ಇಲ್ಲ, ಲೆಕ್ಕವೂ ಇರಲಿಲ್ಲ.

ಅಲ್ಲಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಕಟ್ಟಿದರು. ಮೊದಲ ಯೋಚನೆ, ಮನೆಮನೆಗೂ ಅಡಿಗೆ ಗ್ಯಾಸು. ಊರಿನ ದನಗಳ ಸಗಣಿ ಅದಕ್ಕೆ ಸಾಲದೆ ಹೋಯಿತು. ಊರವರು ಬಯಸಿದ್ದು ನೀರು. ಆಗ ಅದೇ ಗ್ಯಾಸಿಗೆ ಒಂದಿಷ್ಟು ಡೀಸೆಲ್ ಸೇರಿಸಿ ಎಂಜಿನ್ ನಡೆಸಿ ವಿದ್ಯುತ್ತು ತೆಗೆದರು. 1987ರಲ್ಲಿ ಮನೆಗಳಿಗೆ ದೀಪ ಬಂತು. ಆಮೇಲೆ ಕೊಳವೆ ಬಾವಿಯ ನೀರು ನಲ್ಲಿಗೆ ಬಂತು. ಗ್ಯಾಸು ತೆಗೆದುಳಿದ ಬಗ್ಗಡ ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಹಿಂದಿರುಗಿತು. ಸಗಣಿ ನಿಂತರೆ ದೀಪವೂ ಇಲ್ಲ, ನೀರೂ ಇಲ್ಲ. ಅದಕ್ಕೇ ಊರೆಲ್ಲ ಅದನ್ನು ತನ್ನದೆಂದು ನೋಡಿಕೊಂಡಿತು.

ಅದೇ ಕೇಂದ್ರದಿಂದ ‘ಅಸ್ತ್ರ ಒಲೆ’ಯೂ ಬಂತು. ಸೌದೆ ಕಡಿಮೆ ಸಾಕು. ಹೊಗೆ ಕೊಳವೆಯಿಂದ ಹೊರಕ್ಕೆ.

ನೋಡಿ, ಕತ್ತಲ ಮನೆಗೆ ಬಂದ ಮೊದಲ ದೀಪ, ಬಾಗಿಲಿಗೆ ಬಂದ ಮೊದಲ ಬಿಂದಿಗೆ ನೀರು, ಇವು ಕೊಡುವ ಸುಖ ಹತ್ತನೆಯ ದೀಪಕ್ಕೆ ಇಲ್ಲ. ಮಿತಿಯಿಲ್ಲದೆ ಪಂಪು ಓಡಿಸಿದರೆ ಸುಖ ಹೆಚ್ಚುವುದಿರಲಿ, ಬಾವಿಯೇ ಬತ್ತೀತು. ಆದ್ದರಿಂದ ನಿಮ್ಮ ಮನೆಗೆ ಹೊಸ ಯಂತ್ರ ತರುವ ಮುಂಚೆ ಮನೆಯಾಕೆಯನ್ನೂ ಕೂರಿಸಿಕೊಂಡು ಒಂದು ಮಾತು ಕೇಳಿ: “ದಿನದಲ್ಲಿ ನಿನ್ನ ಮೈಯನ್ನು ಹೆಚ್ಚು ದಣಿಸುವ ಕೆಲಸ ಯಾವುದು?” ಶಕ್ತಿ ಮೊದಲು ಅಲ್ಲಿಗೆ ಹೋಗಲಿ.