ಗೆಂಡೆ ಮೀನುಮರಿಗಳ ಆಹಾರ

ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಗೆಂಡೆ ಜಾತಿಯ ಮೀನುಗಳ ಎಳೆಮರಿಗಳಿಗೆ ಮೊದಲ ವಾರಗಳಲ್ಲಿ ಒದಗಿಸುವ ಆಹಾರ. ಈ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಉದ್ದನಪಲ್ಲಿ, ಹೊಸೂರು, ಕೃಷ್ಣಗಿರಿಯಂಥ ಕೆರೆ ಸೀಮೆಗಳಲ್ಲಿ ಗೆಂಡೆ ಸಾಕಣೆ ಬಿತ್ತನೆ ಮರಿಗಳನ್ನೇ ಅವಲಂಬಿಸಿದೆ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಹಾರ್ಮೋನ್ ಚುಚ್ಚುಮದ್ದಿನಿಂದ ಗೆಂಡೆಗಳ ಪ್ರೇರಿತ ಸಂತಾನೋತ್ಪತ್ತಿ ಸಾಧಿಸಿದ ಮೇಲೆ ಮರಿಗಳ ಪಾಲನೆಗೆ ಮಹತ್ವ ಬಂತು.

ಜೀವಂತ ಆಹಾರ: ಮೊಟ್ಟೆಯೊಡೆದ ಸುಮಾರು 3 ದಿನಕ್ಕೆ ಹಳದಿ ಚೀಲ ಕರಗಿ ಮರಿ ಹೊರಗಿನ ಆಹಾರ ಹುಡುಕುತ್ತದೆ. ಬಾಯಿಗೆ ಹಿಡಿಸುವ ಗಾತ್ರವೇ ಆಯ್ಕೆಯ ಮೊದಲ ನಿಯಮ. ಮೊದಲು ರೋಟಿಫರ್, ಬಳಿಕ ಮೊಯ್ನಾ, ಡ್ಯಾಫ್ನಿಯಾ ಎಂಬ ನೀರುಚಿಗಟಗಳು ಯೋಗ್ಯ. ಇವುಗಳನ್ನು ಬೆಳೆಸಲು ಮರಿ ಬಿಡುವ ಮೊದಲೇ ಕೊಳಕ್ಕೆ ಸಗಣಿ ಗೊಬ್ಬರ ಹಾಕುತ್ತಾರೆ. 50 ಲೀಟರ್ ನೀರು ಸೋಸಿದಾಗ 1–2 ಮಿ.ಲೀ. ಪ್ಲವಕ ಸಿಕ್ಕರೆ ಕೊಳ ಸಿದ್ಧ.

ಪೂರಕ ಆಹಾರ: ನುಣ್ಣಗೆ ಪುಡಿಮಾಡಿದ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪ್ರಮಾಣದಲ್ಲಿ ಬೆರೆಸಿ ದಿನವೂ ಚೆಲ್ಲಬೇಕು. ಮರಿ ಬೆಳೆದಂತೆ ಪ್ರಮಾಣ ಹೆಚ್ಚಿಸಬೇಕು. ಬೂಷ್ಟು ಹಿಡಿದ ಹಿಂಡಿ ವಿಷಕಾರಿ. ಅತಿಯಾಗಿ ಹಾಕಿದ ತಿನಿಸು ಕೊಳೆತು ನೀರಿನ ಆಮ್ಲಜನಕ ಕುಗ್ಗಿಸುತ್ತದೆ. ಮೋಡ ಕವಿದ ದಿನ ತಿನಿಸು ಕಡಿಮೆ ಮಾಡುವುದು ಕ್ಷೇಮ.

ಸರಿಯಾದ ಪಾಲನೆಯಲ್ಲಿ 15–20 ದಿನಗಳಲ್ಲಿ ಮರಿ ಸುಮಾರು 25 ಮಿ.ಮೀ. ಬೆಳೆದು ಮುಂದಿನ ಪಾಲನಾ ಕೊಳಕ್ಕೆ ಸಿದ್ಧವಾಗುತ್ತದೆ.