ಕಡತ ಕಾಯುವವರು

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಿಂದೊಮ್ಮೆ ಅಲ್ಲಿಯೇ ಯಾವುದೋ ಚುಚ್ಚುಮದ್ದು ಒಗ್ಗದೆ ಅವಳ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅದರ ಹೆಸರು ಅವಳಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ದಾಖಲೆ ಕೊಠಡಿಯ ಸಹಾಯಕರೊಬ್ಬರು ಹಳೆಯ ಕಡತವನ್ನು ಹುಡುಕಿ ತಂದರು. ಕೆಂಪು ಶಾಯಿಯಲ್ಲಿ ಆ ಮದ್ದಿನ ಹೆಸರಿತ್ತು. ವೈದ್ಯರು ಆಗತಾನೆ ಬರೆದಿದ್ದ ಚೀಟಿಯನ್ನು ಹರಿದು ಬೇರೊಂದನ್ನು ಬರೆದರು. ಶಾಸನಗಳನ್ನು ಪಾಠ ಹೇಳುತ್ತ ಆಯುಷ್ಯ ಕಳೆದ ನನಗೆ, ಬರೆದಿಟ್ಟ ಒಂದು ಸಾಲಿನ ಬೆಲೆ ಅಂದು ಹೊಸದಾಗಿ ತಿಳಿಯಿತು.

ಕೇಳುಗರಿಗೆ ಆಶ್ಚರ್ಯವಾದೀತು, ಈ ಕಡತದ ವ್ಯವಸ್ಥೆ ಬಹಳ ಹಳೆಯದೇನಲ್ಲ. ಆಸ್ಪತ್ರೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ತಕ್ಕ ದಾಖಲೆಗಳೇ ದೊರೆಯುವುದಿಲ್ಲವೆಂದು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ದೂರಿದ್ದರು. ಅಮೆರಿಕದ ಮೇಯೋ ಚಿಕಿತ್ಸಾಲಯದಲ್ಲಿ ಸಹ ಮೊದಲಿಗೆ ಒಬ್ಬೊಬ್ಬ ವೈದ್ಯರದು ಒಂದೊಂದು ಪುಸ್ತಕ. ರೋಗಿಯ ಕಥೆ ಹಲವು ಕಡೆ ಹಂಚಿಹೋಗುತ್ತಿತ್ತು. 1907ರಲ್ಲಿ ಹೆನ್ರಿ ಪ್ಲಮ್ಮರ್ ಎಂಬ ವೈದ್ಯರು, ಒಬ್ಬ ರೋಗಿಗೆ ಒಂದೇ ಸಂಖ್ಯೆ, ಒಂದೇ ಕಡತ ಎಂಬ ಪದ್ಧತಿಯನ್ನು ತಂದರು.

ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ ಇನ್ನೂ ಮುಂದೆ ಹೋದರು. ಮನೆಗೆ ಹೋದ ರೋಗಿ ಏನಾದ? ವರ್ಷ ಕಳೆದ ಮೇಲೂ ಗುಣವಾಗದಿದ್ದರೆ ತಪ್ಪು ಎಲ್ಲಿ? ಇವೆಲ್ಲ ದಾಖಲೆಯಲ್ಲಿ ಬರಬೇಕೆಂದರು. ತಮ್ಮ ಸ್ವಂತ ಆಸ್ಪತ್ರೆಯಿಂದ 1911ರಿಂದ 1916ರವರೆಗೆ ಮನೆಗೆ ಮರಳಿದ 337 ರೋಗಿಗಳ ಚಿಕಿತ್ಸೆಯಲ್ಲಿ 123 ತಪ್ಪುಗಳಾದುವೆಂದು ತಾವೇ ಅಚ್ಚು ಹಾಕಿಸಿದರು. ಸಹವೈದ್ಯರಿಗೆ ಈ ಹಟ ರುಚಿಸಲಿಲ್ಲ. ಕಡತವು ಸಾಕ್ಷಿ ನುಡಿಯತೊಡಗಿದರೆ ಯಾರಿಗೆ ತಾನೆ ಹಿತವಾದೀತು?

ಆ ಸಾಕ್ಷಿಯನ್ನು ಕಾಯಲು ವೈದ್ಯರಲ್ಲದವರೊಬ್ಬರು ಬೇಕು. ಅದೇ ಬಾಸ್ಟನ್ನಿನಲ್ಲಿ 1928ರಲ್ಲಿ ದಾಖಲೆಪಾಲಕರು ತಮ್ಮದೊಂದು ಸಂಘ ಕಟ್ಟಿದರು. ಗ್ರೇಸ್ ವೈಟಿಂಗ್ ಮೈಯರ್ಸ್ ಎಂಬ ಮಹಿಳೆ ಅದರ ಮೊದಲ ಅಧ್ಯಕ್ಷೆ. ಬರಹ ಪೂರ್ಣವಾಗಿದೆಯೆ, ರೋಗದ ಹೆಸರಿಗೆ ಸರಿಯಾದ ಸಂಕೇತ ಬಿದ್ದಿದೆಯೆ, ರೋಗಿಯ ಗುಟ್ಟು ಪರರ ಕೈಸೇರದೆ ಉಳಿದಿದೆಯೆ ಎಂದು ನೋಡಿಕೊಳ್ಳುವುದೇ ಈ ಉದ್ಯೋಗ. ಇಂದು ಕಡತಗಳು ಗಣಕಯಂತ್ರವನ್ನು ಸೇರುತ್ತಿವೆ. ನಮ್ಮ ದೇಶದಲ್ಲಿಯೂ 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಯಿತು. ಆದರೆ ಯಂತ್ರ ಎಷ್ಟು ಜಾಣವಾದರೂ ಅದು ಕಾಯುವುದು ಮನುಷ್ಯ ಬರೆದುದನ್ನು; ತಪ್ಪು ಬರೆದರೆ ತಪ್ಪನ್ನೇ ಕಾಯುತ್ತದೆ.

ನಮ್ಮ ಎಷ್ಟೋ ಶಾಸನಗಳ ಕೊನೆಯಲ್ಲಿ, ಇದನ್ನು ಇಂಥ ಸೇನಬೋವ ಬರೆದನೆಂಬ ಮಾತಿರುತ್ತದೆ. ಅಕ್ಕನ ಕಡತದ ಆ ಕೆಂಪು ಸಾಲಿನ ಕೆಳಗೆ ಯಾರ ಹೆಸರೂ ಇರಲಿಲ್ಲ. ಅದನ್ನು ಹುಡುಕಿ ತಂದವರ ಹೆಸರನ್ನು ಕೇಳಿಕೊಳ್ಳಲು ನಾನೂ ಮರೆತೆ.