ಸಿಕ್ಲಿಡ್ ಮೀನು: ಒಂದೇ ತೊಟ್ಟಿಯಲ್ಲಿ ಹಲವು ಜಾತಿ, ಕಾದಾಟಕ್ಕೆ ಕಡಿವಾಣ

ಏಂಜೆಲ್, ಆಸ್ಕರ್, ಡಿಸ್ಕಸ್, ಫ್ಲವರ್‌ಹಾರ್ನ್ ಮೊದಲಾದ ಅಲಂಕಾರಿಕ ಮೀನುಗಳೆಲ್ಲ ಸಿಕ್ಲಿಡ್ ಕುಟುಂಬಕ್ಕೆ ಸೇರಿದವು. ಮೀನು ಮಾರುಕಟ್ಟೆಯಲ್ಲಿ ಜಿಲೇಬಿ ಎಂದು ಕರೆಯಲಾಗುವ ತಿಲಾಪಿಯಾ ಸಹ ಇದೇ ಕುಟುಂಬದ್ದು. ಬಣ್ಣಕ್ಕೆ ಮನಸೋತು ಹಲವು ಜಾತಿಗಳನ್ನು ಒಂದೇ ಅಕ್ವೇರಿಯಂಗೆ ಬಿಟ್ಟವರು ಕೆಲವೇ ದಿನಗಳಲ್ಲಿ ಈಜುರೆಕ್ಕೆ ಹರಿದ, ಮೂಲೆ ಸೇರಿದ ಮೀನುಗಳನ್ನು ಕಾಣುವುದುಂಟು. ಸೂಕ್ತ ಆಯ್ಕೆ ಮತ್ತು ವ್ಯವಸ್ಥೆಯಿಂದ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕಾದಾಟ ಏಕೆ?

ಸಿಕ್ಲಿಡ್‌ಗಳು ಮೊಟ್ಟೆ ಮತ್ತು ಮರಿಗಳನ್ನು ಕಾಯುವ ಮೀನುಗಳು. ಅದಕ್ಕಾಗಿ ಒಂದು ಕಲ್ಲು, ಗುಂಡಿ ಅಥವಾ ಬಿಲವನ್ನು ತಮ್ಮದಾಗಿಸಿಕೊಂಡು ಸಮೀಪ ಬಂದವರನ್ನು ಓಡಿಸುತ್ತವೆ. ಕೆರೆ, ನದಿಗಳಲ್ಲಿ ಸೋತ ಮೀನು ದೂರ ಸರಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಓಡಲು ಜಾಗವಿಲ್ಲದ ಕಾರಣ ಸಾಯುವವರೆಗೂ ಪೆಟ್ಟು ತಿನ್ನುತ್ತದೆ. ಒಂದೇ ಬಣ್ಣ, ಒಂದೇ ಆಕಾರದ ಗಂಡುಗಳ ನಡುವೆ ಜಗಳ ಹೆಚ್ಚು.

ನಮ್ಮ ನಾಡಿನ ಸಿಕ್ಲಿಡ್‌ಗಳು

ಭಾರತದ ಮೂಲ ಸಿಕ್ಲಿಡ್‌ಗಳು ಮೂರೇ: ಕರಿಮೀನು, ಕಿತ್ತಳೆ ಕ್ರೋಮೈಡ್ ಹಾಗೂ ಕೆನರಾ ಪರ್ಲ್‌ಸ್ಪಾಟ್. ಕೊನೆಯದನ್ನು 1877ರಲ್ಲಿ ಫ್ರಾನ್ಸಿಸ್ ಡೇ ದಾಖಲಿಸಿದರು. ಈ ಮೀನು ಕುಮಾರಧಾರಾ, ನೇತ್ರಾವತಿ ಸೀಮೆಯದು. ಕಿತ್ತಳೆ ಕ್ರೋಮೈಡ್‌ನ ಮರಿಗಳು ಕರಿಮೀನಿನ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ಶುಚಿಗೊಳಿಸುತ್ತವೆ. ಅದೇ ಜಾತಿ ಕರಿಮೀನಿನ ಮೊಟ್ಟೆಗಳನ್ನೂ ತಿನ್ನುತ್ತದೆ. ಸ್ನೇಹ ಮತ್ತು ವೈರ ಒಂದೇ ನೀರಿನಲ್ಲಿರುತ್ತವೆ ಎಂಬುದಕ್ಕೆ ಇದು ನಿದರ್ಶನ.

ನೀರು ನೋಡಿ ಮೀನು ಆರಿಸಿ

ಆಫ್ರಿಕಾದ ಮಲಾವಿ ಸರೋವರದ ಮೀನುಗಳಿಗೆ ಗಡಸು, ಕ್ಷಾರೀಯ ನೀರು ಬೇಕು. ಪಿಎಚ್ ಸುಮಾರು 7.8ರಿಂದ 8.6. ಅಮೆಜಾನ್ ಮೂಲದ ಡಿಸ್ಕಸ್‌ಗೆ ಮೃದುವಾದ, ತುಸು ಆಮ್ಲೀಯ ನೀರು ಮತ್ತು 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ಇವೆರಡನ್ನೂ ಒಂದೇ ತೊಟ್ಟಿಯಲ್ಲಿ ಇಡಬಾರದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಕೊಳವೆಬಾವಿ ನೀರು ಬಳಸುವವರು ಮೊದಲು ಅದರ ಗಡಸುತನ ಮತ್ತು ಪಿಎಚ್ ಪರೀಕ್ಷಿಸುವುದು ಲೇಸು. ನೀರು ಗಡಸಾಗಿದ್ದರೆ ಮಲಾವಿ ಮೀನುಗಳೇ ಸುಲಭದ ಆಯ್ಕೆ. ನಲ್ಲಿ ನೀರಿನ ಕ್ಲೋರಿನ್ ತೆಗೆದ ನಂತರವೇ ತುಂಬಿಸಬೇಕು.

ತೊಟ್ಟಿ ಮತ್ತು ಸಂಖ್ಯೆ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಮಿಶ್ರ ಸಾಕಣೆಗೆ ಇದಕ್ಕಿಂತ ಚಿಕ್ಕದು ಬೇಡ. ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಮಲಾವಿಯ ಬಂಡೆವಾಸಿ ಜಾತಿಗಳಲ್ಲಿ ಒಂದು ಗಂಡಿಗೆ ಮೂರು ಅಥವಾ ಹೆಚ್ಚು ಹೆಣ್ಣುಗಳಿರಲಿ. ಸಂಖ್ಯೆ ತುಸು ಹೆಚ್ಚಿದ್ದರೆ ಬಲಶಾಲಿಯ ದಾಳಿ ಒಂದೇ ಮೀನಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಆದರೆ ಹೀಗೆ ಮಾಡಿದಾಗ ದೊಡ್ಡ ಫಿಲ್ಟರ್ ಮತ್ತು ವಾರಕ್ಕೊಮ್ಮೆ ಕಾಲುಭಾಗ ನೀರಿನ ಬದಲಾವಣೆ ಅನಿವಾರ್ಯ. ಸುಮಾರು ಒಂದು ಅಡಿ ಬೆಳೆಯುವ ಆಸ್ಕರ್ ಜೊತೆ ಬಾಯಿಗೆ ಹಿಡಿಯುವಷ್ಟು ಚಿಕ್ಕ ಮೀನು ಸಲ್ಲದು. ಫ್ಲವರ್‌ಹಾರ್ನ್ ಒಂಟಿಯಾಗಿರುವುದೇ ಕ್ಷೇಮ.

ಸೇರಿಸುವ ಕ್ರಮ

* ಶಾಂತ ಸ್ವಭಾವದವು ಮೊದಲು, ಜಗಳಗಂಟಿಗಳು ಕೊನೆಗೆ.
* ಒಂದೇ ಗಾತ್ರದ ಮರಿಗಳನ್ನು ಒಟ್ಟಿಗೆ ಬೆಳೆಸುವುದು ಉತ್ತಮ.
* ಕಲ್ಲುಗಳನ್ನು ಒಂದರ ದೃಷ್ಟಿ ಇನ್ನೊಂದಕ್ಕೆ ತಾಗದಂತೆ ಜೋಡಿಸಿ, ಪ್ರತಿ ಅಡಗುತಾಣಕ್ಕೂ ಎರಡು ದಾರಿ ಬಿಡಬೇಕು.
* ಹೊಸ ಮೀನು ಬಿಡುವ ಮುನ್ನ ಕಲ್ಲುಗಳ ಸ್ಥಾನ ಬದಲಿಸಿದರೆ ಹಳೆಯ ಗಡಿಗಳು ಅಳಿಯುತ್ತವೆ.
* ಗಾಯಗೊಂಡ ಮೀನನ್ನು ಕೂಡಲೇ ಬೇರ್ಪಡಿಸಲು ಒಂದು ಚಿಕ್ಕ ತೊಟ್ಟಿ ಸಿದ್ಧವಿರಲಿ.

ಕೆರೆಗೆ ಬಿಡಬೇಡಿ

ಜಗಳಗಂಟಿ ಮೀನನ್ನು ಹತ್ತಿರದ ಕೆರೆಗೆ ಬಿಡುವುದು ಪರಿಹಾರವಲ್ಲ. ಆಫ್ರಿಕಾ ಮೂಲದ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಕಾಪಾಡುವುದರಿಂದ ಸಂತತಿ ವೇಗವಾಗಿ ಹೆಚ್ಚಿ, ಅನೇಕ ಕೆರೆಗಳಲ್ಲಿ ಸ್ಥಳೀಯ ಮೀನುಗಳ ಜಾಗವನ್ನು ಆಕ್ರಮಿಸಿತು. ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ್, ಮಾಸೂರು ಸಮೀಪದ ಮದಗದ ಕೆರೆಗಳಂತಹ ಜಲಮೂಲಗಳು ಈ ಅಪಾಯದಿಂದ ದೂರವಿರಬೇಕು. ವರದಾ, ಕುಮುದ್ವತಿ ನದಿಗಳು ತುಂಗಭದ್ರೆಯನ್ನು ಸೇರುವುದರಿಂದ ಒಂದು ಕಡೆ ಬಿಟ್ಟ ಮೀನು ಅಲ್ಲಿಗೇ ನಿಲ್ಲುವುದಿಲ್ಲ. ಬೇಡವಾದ ಮೀನನ್ನು ಅಂಗಡಿಗೆ ಅಥವಾ ಬೇರೆ ಸಾಕಣೆದಾರರಿಗೆ ಒಪ್ಪಿಸುವುದೇ ಸೂಕ್ತ.